ಗಾಡಿ ಸತ್ತರೂ ಕಾಗದ ಸಾಯುವುದಿಲ್ಲ

ಉಜ್ಜಿನಿಯ ಸಣ್ಣ ವ್ಯಾಪಾರಿಯೊಬ್ಬರು ಈರುಳ್ಳಿ ಚೀಲ ಹೇರಿಕೊಂಡು ದಾವಣಗೆರೆ ಮಾರುಕಟ್ಟೆಗೆ ಹೊರಟಿದ್ದಾಗ, ನಸುಕಿನಲ್ಲಿ ದೀಪವಿಲ್ಲದೆ ನಿಂತಿದ್ದ ಲಾರಿಗೆ ಗುದ್ದಿ ಅವರ ಲಗೇಜ್ ಗಾಡಿ ನಜ್ಜುಗುಜ್ಜಾಯಿತು. ಕಾಲು ಮುರಿಯಿತು, ಜೀವ ಉಳಿಯಿತು. ಆಸ್ಪತ್ರೆಗೆ ನೋಡಲು ಹೋದ ನನಗೆ ಅವರೇ ಸಮಾಧಾನ ಹೇಳಿದರು: “ಇನ್ಶೂರೆನ್ಸ್ ಐತಿ ಬಿಡ್ರಿ ಮೇಷ್ಟ್ರೇ, ಚಿಂತಿಲ್ಲ.” ಏಳು ತಿಂಗಳ ಮೇಲೆ ಅದೇ ಮನುಷ್ಯ ಕುಂಟುತ್ತ ಪಕ್ಷದ ಕಚೇರಿಗೆ ಬಂದು ಹೇಳಿದ ಮಾತು ಬೇರೆ: “ಗಾಡಿ ಹೋದಾಗ ಇಷ್ಟು ಸಂಕಟ ಆಗಿರ್ಲಿಲ್ರೀ ಮೇಷ್ಟ್ರೇ, ಇನ್ಶೂರೆನ್ಸ್ ದುಡ್ಡು ಬಂದಾಗ ಆತು.”

ಈ ಎರಡು ಮಾತುಗಳ ನಡುವೆ ನಡೆದದ್ದೇನು ಎಂಬುದನ್ನು ಮಿಲ್ಲಿನಲ್ಲಿ ದುಡಿಯುವ ಸಂಗಾತಿಗಳೂ ಅಂಗಡಿ ಇಟ್ಟುಕೊಂಡ ಬಂಧುಗಳೂ ತಿಳಿದುಕೊಳ್ಳಬೇಕು. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಬದಲಾದರೂ ಪದ್ಧತಿ ಬದಲಾಗದ ವ್ಯಾಪಾರದಲ್ಲಿ ಹೆಸರಿನಿಂದ ಪ್ರಯೋಜನವೂ ಇಲ್ಲ.

ಮೊದಲು ನಿಯಮವನ್ನು ನೋಡೋಣ. 2002ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ವಿಮಾ ಟ್ಯಾರಿಫ್ ಎಂಬುದೊಂದಿದೆ. ದರದ ಮೇಲಿನ ಹತೋಟಿಯನ್ನು 2007ರಲ್ಲಿ ಸಡಿಲಿಸಿದರು. ಪಾಲಿಸಿಯ ಷರತ್ತುಗಳ ಭಾಷೆ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಅದರ ಪ್ರಕಾರ ಪ್ರತಿ ವರ್ಷ ಗಾಡಿಗೆ ಒಂದು ಬೆಲೆ ಕಟ್ಟುತ್ತಾರೆ. ಐಡಿವಿ ಎಂದು ಪಾಲಿಸಿಯಲ್ಲಿ ಅಚ್ಚಾಗಿರುವುದು ಇದೇ. ಹೊಸ ಗಾಡಿಯ ಬೆಲೆಯಲ್ಲಿ ಆರು ತಿಂಗಳೊಳಗೆ ನೂರಕ್ಕೆ 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರು ವರ್ಷಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಕಳೆಯುತ್ತಾರೆ. ಐದು ವರ್ಷ ದಾಟಿದ ಗಾಡಿಗೆ ಮಾಲೀಕನೂ ಕಂಪನಿಯೂ ಮಾತನಾಡಿಕೊಂಡು ಬೆಲೆ ಗೊತ್ತು ಮಾಡಬೇಕು. ನಮ್ಮಲ್ಲಿ ಹಾಗೆ ಕೂತು ಮಾತನಾಡಿದ ಮಾಲೀಕ ಯಾರಿದ್ದಾನೆ? ಏಜೆಂಟರು ಬರೆದದ್ದೇ ಬೆಲೆ. ಗಾಡಿ ಅಪಘಾತಕ್ಕೆ ಸಿಕ್ಕಾಗ ಅದನ್ನು ಎತ್ತಿ ತರುವ ಮತ್ತು ರಿಪೇರಿ ಮಾಡುವ ಖರ್ಚು ಈ ಐಡಿವಿಯ ನೂರಕ್ಕೆ 75ನ್ನು ಮೀರಿದರೆ ಅದು ಟೋಟಲ್ ಲಾಸ್. ಎಂದರೆ, ಗಾಡಿ ಸತ್ತಂತೆ. ಪೂರ್ಣ ಬೆಲೆಯನ್ನು ಕೊಡಬೇಕು.

ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಅನ್ಯಾಯವೆಲ್ಲ ಅಳತೆಯಲ್ಲಿದೆ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ವಿಷಯಕ್ಕಾಗಿ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಧಣಿಯ ಕೊಳಗ ದೊಡ್ಡದು. ಆ ಸತ್ಯಾಗ್ರಹಕ್ಕೆ ಸಮಾಜವಾದಿ ಪಕ್ಷ ಬೆನ್ನು ಕೊಟ್ಟಿತು, ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಸೆರೆಯಾದರು. ಧಣಿಗಳು ಹೋದರು, ಕೊಳಗ ಹೋಗಲಿಲ್ಲ. ಅದು ಈಗ ಹವಾನಿಯಂತ್ರಿತ ಕಚೇರಿಯ ಗಣಕಯಂತ್ರದೊಳಗೆ ಕೂತಿದೆ. ಪ್ರೀಮಿಯಂ ವಸೂಲು ಮಾಡುವಾಗ ಗಾಡಿಯನ್ನು ಅಳೆಯುವ ಕೊಳಗ ಒಂದು, ಪರಿಹಾರ ಕೊಡುವಾಗ ಅಳೆಯುವ ಕೊಳಗ ಇನ್ನೊಂದು.

ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಆದುದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ. ಸುಲಭವಾಗಲೆಂದು ದುಂಡು ಸಂಖ್ಯೆಗಳನ್ನು ಹಾಕಿದ್ದೇನೆ. ಗಾಡಿಯ ಐಡಿವಿ 4 ಲಕ್ಷ ಎನ್ನಿ. ನೂರಕ್ಕೆ 75 ಎಂದರೆ 3 ಲಕ್ಷ. ಗ್ಯಾರೇಜಿನವರು 3 ಲಕ್ಷ 40 ಸಾವಿರದ ಎಸ್ಟಿಮೇಟ್ ಕೊಟ್ಟರು. ಟೋಟಲ್ ಲಾಸ್ ಆಯಿತಷ್ಟೆ? ಆಗಲಿಲ್ಲ. ಸರ್ವೇಯರ್ ಬಂದು ಆ ಭಾಗ ಬದಲಾಯಿಸಬೇಕಿಲ್ಲ, ಈ ಭಾಗ ಬಡಿದು ನೆಟ್ಟಗೆ ಮಾಡಬಹುದು ಎಂದು ಬರೆದು 2 ಲಕ್ಷ 90 ಸಾವಿರಕ್ಕೆ ಇಳಿಸುತ್ತಾರೆ. ಈಗ ಅದು ರಿಪೇರಿಯ ಕ್ಲೇಮು. ರಿಪೇರಿಯಾದರೆ ರಬ್ಬರು, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧ ಕಡಿತ. ಕಬ್ಬಿಣದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ ಕಡಿತ. ಮಾಲೀಕನ ಕೈಗೆ 2 ಲಕ್ಷ ಬಂದರೆ ಹೆಚ್ಚು. ಮಿಕ್ಕದ್ದನ್ನು ಅವನೇ ಹಾಕಿ ರಿಪೇರಿ ಮಾಡಿಸಬೇಕು, ಇಲ್ಲವೇ ಗ್ಯಾರೇಜಿನಲ್ಲಿ ದಿನಬಾಡಿಗೆ ಕಟ್ಟುತ್ತ ನಿಲ್ಲಿಸಬೇಕು.

ಇದು ಹಳ್ಳಿಯವರಿಗೆ ಮಾತ್ರ ಬಂದ ಗತಿ ಎಂದು ತಿಳಿಯಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗ ನೀರಿನಲ್ಲಿ ಮುಳುಗಿದಾಗ ಒಬ್ಬರ ಕಾರಿಗೆ 22 ಲಕ್ಷದ ರಿಪೇರಿ ಎಸ್ಟಿಮೇಟ್ ಬಂತು; ಕಾರಿನ ಬೆಲೆಯೇ ಸುಮಾರು 11 ಲಕ್ಷ. ಅದು ಟೋಟಲ್ ಲಾಸ್ ಆದ ಮೇಲೆ, ಎಸ್ಟಿಮೇಟಿನ ಕಾಗದ ಕೊಡುವುದಕ್ಕೇ ಸರ್ವಿಸ್ ಕೇಂದ್ರ 44 ಸಾವಿರಕ್ಕೂ ಹೆಚ್ಚು ಕೇಳಿತು. ಆತ ಇಂಗ್ಲಿಷ್ ಬಲ್ಲವರು, ಊರಿಗೆಲ್ಲ ಸುದ್ದಿ ಮುಟ್ಟಿಸಿದರು. 5 ಸಾವಿರಕ್ಕೆ ಇಳಿಯಿತು. ಉಜ್ಜಿನಿಯ ಈರುಳ್ಳಿ ವ್ಯಾಪಾರಿ ಯಾರಿಗೆ ಸುದ್ದಿ ಮುಟ್ಟಿಸಬೇಕು?

ಒಂದು ವೇಳೆ ಕಂಪನಿ ಟೋಟಲ್ ಲಾಸ್ ಎಂದು ಒಪ್ಪಿತೆನ್ನೋಣ. ನಿಜವಾದ ಆಟ ಆಗ ಶುರುವಾಗುತ್ತದೆ. ನ್ಯಾಯವಾಗಿ, ಸತ್ತ ಗಾಡಿಯನ್ನು ಕಂಪನಿ ತಾನು ತೆಗೆದುಕೊಂಡು 4 ಲಕ್ಷ ಕೊಟ್ಟು ಕೈತೊಳೆದುಕೊಳ್ಳಬೇಕು. ಹಾಗೆ ಅವರು ಮಾಡುವುದಿಲ್ಲ. ಹರಾಜಿನವರಿಂದ, ಗುಜರಿಯವರಿಂದ ಬೆಲೆ ತರಿಸುತ್ತಾರೆ. “ನಿಮ್ಮ ಮುರುಕು ಗಾಡಿಗೆ 1 ಲಕ್ಷ 60 ಸಾವಿರ ಬರುತ್ತದೆ. ಗಾಡಿಯನ್ನು ನೀವೇ ಇಟ್ಟುಕೊಳ್ಳಿ, ನಾವು 2 ಲಕ್ಷ 40 ಸಾವಿರ ಕೊಡುತ್ತೇವೆ” ಎನ್ನುತ್ತಾರೆ. ಇನ್ಶೂರೆನ್ಸ್ ಭಾಷೆಯಲ್ಲಿ ಇದಕ್ಕೆ ನೆಟ್ ಆಫ್ ಸಾಲ್ವೇಜ್ ಎಂದು ಹೆಸರು; ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹೆಣವನ್ನು ವಾರಸುದಾರನ ಹೆಗಲಿಗೇ ಹಾಕಿ ಕಟ್ಟಿಗೆಯ ದುಡ್ಡು ಮುರಿದುಕೊಳ್ಳುವುದು. ಆ 2 ಲಕ್ಷ 40 ಸಾವಿರವೂ ನೇರವಾಗಿ ಮಾಲೀಕನಿಗೆ ಬರುವುದಿಲ್ಲ. ಗಾಡಿ ಫೈನಾನ್ಸಿನಲ್ಲಿದ್ದರೆ ಸಾಲದ ಬಾಕಿ ಮೊದಲು ಹೋಗುತ್ತದೆ. ಬಾಕಿ 2 ಲಕ್ಷ 10 ಸಾವಿರವಿದ್ದರೆ ಮನೆಗೆ ಬರುವುದು 30 ಸಾವಿರ ಮತ್ತು ಒಂದು ಕಬ್ಬಿಣದ ಗುಡ್ಡೆ.

ಆ ಗುಡ್ಡೆಯನ್ನು ಮಾರಲು ಹೋದಾಗ ನಮ್ಮ ವ್ಯಾಪಾರಿಗೆ ಗುಜರಿಯವನು ಕೇಳಿದ ಮೊದಲನೆಯ ಪ್ರಶ್ನೆ ಇಂಜಿನ್ನಿನ ಬಗ್ಗೆ ಅಲ್ಲ, ಟೈರಿನ ಬಗ್ಗೆ ಅಲ್ಲ. “ಆರ್‌ಸಿ ಸಮೇತನಾ, ಬಿಟ್ಟಾ?” ಎಂಬುದು. ಆರ್‌ಸಿ ಸಮೇತ ಕೊಟ್ಟರೆ 1 ಲಕ್ಷ 60 ಸಾವಿರ, ಆರ್‌ಸಿ ಇಲ್ಲದೆ ಕೊಟ್ಟರೆ 1 ಲಕ್ಷ 10 ಸಾವಿರ!

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಗಾಡಿ ಸತ್ತಿದೆ ಎಂದು ಕಂಪನಿಯೇ ಬರೆದುಕೊಟ್ಟಿದೆ. ಸತ್ತ ಗಾಡಿಯ ಕಾಗದಕ್ಕೆ 50 ಸಾವಿರ ರೂಪಾಯಿ ಯಾರು ಕೊಡುತ್ತಾರೆ, ಏಕೆ ಕೊಡುತ್ತಾರೆ? ಗುಜರಿಯವನು ದಾನಶೂರ ಕರ್ಣನೇ? ಉತ್ತರ ಪೊಲೀಸರಿಗೆ ಗೊತ್ತು, ಆರ್‌ಟಿಓ ಕಚೇರಿಯ ಕಟ್ಟೆಯ ಮೇಲೆ ಕೂತ ಬ್ರೋಕರುಗಳಿಗೆ ಗೊತ್ತು, ಕಂಪನಿಗಳಿಗೂ ಗೊತ್ತು. ಆ ಕಾಗದಕ್ಕೆ ಎರಡು ಉಪಯೋಗಗಳಿವೆ. ಮುಂಭಾಗ ಒಂದು ಗಾಡಿಯದು, ಹಿಂಭಾಗ ಇನ್ನೊಂದು ಗಾಡಿಯದು ತಂದು ಬೆಸೆದು, ಬಣ್ಣ ಬಳಿದು ಅದೇ ನಂಬರಿನಲ್ಲಿ ರಸ್ತೆಗೆ ಬಿಡುವುದು ಒಂದು. ಅದೇ ಮಾದರಿಯ, ಅದೇ ಬಣ್ಣದ ಗಾಡಿಯನ್ನು ಎಲ್ಲಿಂದಲೋ ಕದ್ದು ತಂದು, ಸತ್ತ ಗಾಡಿಯ ಚಾಸಿ ನಂಬರನ್ನು ಅದಕ್ಕೆ ಅಂಟಿಸುವುದು ಇನ್ನೊಂದು. ಕದ್ದ ಗಾಡಿಗೆ ಸಾಚಾ ಆರ್‌ಸಿ ಸಿಕ್ಕಂತಾಯಿತು. ಕದ್ದ ವಾಹನಗಳನ್ನು ಬಿಚ್ಚಿ ಮಾರುವುದಕ್ಕೇ ಹೆಸರಾಗಿದ್ದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯ ಮೇಲೆ 2021ರಲ್ಲಿ ಉತ್ತರ ಪ್ರದೇಶದ ಪೊಲೀಸರು ಕೈ ಹಾಕಿದಾಗ ಈ ವ್ಯಾಪಾರದ ವಿಸ್ತಾರ ದೇಶಕ್ಕೇ ಕಂಡಿತು. ಸತ್ತ ಗಾಡಿಯ ಆರ್‌ಸಿಯೆಂದರೆ ಕಳ್ಳನಿಗೆ ಸಿಗುವ ಜನ್ಮಪತ್ರಿಕೆ.

ಈಗ ಕಂಪನಿಯ ಲೆಕ್ಕವನ್ನು ತಿರುಗಿ ನೋಡಿ. ಪರಿಹಾರದಲ್ಲಿ ಅವರು ಮುರಿದುಕೊಂಡ 1 ಲಕ್ಷ 60 ಸಾವಿರ ಯಾವ ಬೆಲೆ? ಆರ್‌ಸಿ ಸಮೇತದ ಬೆಲೆ! ಕಾನೂನಿಗೆ ಹೆದರಿ ಆರ್‌ಸಿಯನ್ನು ಸರ್ಕಾರಕ್ಕೆ ಒಪ್ಪಿಸುವ ಪ್ರಾಮಾಣಿಕನಿಗೆ ಗುಜರಿಯಿಂದ ಬರುವುದು 1 ಲಕ್ಷ 10 ಸಾವಿರವೇ. 50 ಸಾವಿರ ಅವನ ಕೈಯಿಂದ ಹೋಯಿತು. ಕಳ್ಳಮಾರುಕಟ್ಟೆಯ ದರದಲ್ಲಿ ಲೆಕ್ಕ ಹಾಕಿ, ಆ ದರ ಸಿಗಬೇಕಾದರೆ ನೀನೇ ಕಳ್ಳನಿಗೆ ಕಾಗದ ಮಾರು ಎಂದು ಕಂಪನಿ ಬಾಯಿಬಿಟ್ಟು ಹೇಳುವುದಿಲ್ಲ. ಲೆಕ್ಕವೇ ಹಾಗೆ ಹೇಳುತ್ತದೆ. ಎಷ್ಟೋ ಸಲ ಕಂಪನಿ ಗೊತ್ತುಮಾಡಿದ ಖರೀದಿದಾರನೇ ನೇರವಾಗಿ ಮಾಲೀಕನಿಗೆ ದುಡ್ಡು ಕೊಟ್ಟು ಗಾಡಿ ಎತ್ತಿಕೊಂಡು ಹೋಗುತ್ತಾನೆ. ಕಂಪನಿಯ ಹೆಸರು ಆ ವ್ಯವಹಾರದ ಯಾವ ಕಾಗದದಲ್ಲೂ ಇರುವುದಿಲ್ಲ. ಮಾರಿದವನು ಮಾಲೀಕ, ಕೊಂಡವನು ಗುಜರಿಯವನು, ನಡುವೆ ಕೂತು ಬೆಲೆ ಕಟ್ಟಿದವನು ಮಾಯ!

ಮಾಲೀಕನ ರುಜು ಮಾತ್ರ ಮಾಯವಾಗುವುದಿಲ್ಲ. ಫಾರಂ 29, ಫಾರಂ 30 ಎಂಬ ವರ್ಗಾವಣೆಯ ಕಾಗದಗಳಿವೆ. ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಟ್ಟು ಅವುಗಳ ಮೇಲೆ ರುಜು ಹಾಕಿಸಿಕೊಳ್ಳುತ್ತಾರೆ. ಆ ಖಾಲಿ ಜಾಗ ವರ್ಷಗಟ್ಟಲೆ ಖಾಲಿಯಾಗಿಯೇ ಇರಬಹುದು. ಅಲ್ಲಿಯವರೆಗೆ ಹೊಸಪೇಟೆಯ ಆರ್‌ಟಿಓ ದಫ್ತರದಲ್ಲಿ ಗಾಡಿಯ ಧಣಿ ನೀವೇ.

ಇದರ ಪರಿಣಾಮ ಏನೆಂಬುದನ್ನು ಸುಪ್ರೀಂ ಕೋರ್ಟು 2018ರ ಫೆಬ್ರವರಿ 6ರಂದು ಸ್ಪಷ್ಟಪಡಿಸಿತು. 2007ರಲ್ಲಿ ಒಬ್ಬರು ತಮ್ಮ ಕಾರನ್ನು ಮಾರಿದ್ದರು. ಅದು ಕೈಯಿಂದ ಕೈಗೆ ದಾಟುತ್ತ ಹೋಯಿತು. ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿಯಿತು. 2009ರಲ್ಲಿ ಅಪಘಾತವಾಯಿತು. ಕಡೆಯಲ್ಲಿ ಕೊಂಡವನಲ್ಲ, ದಫ್ತರದಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಗಾಯಗೊಂಡವರ ದೃಷ್ಟಿಯಿಂದ ಆ ತೀರ್ಪು ಸರಿಯೇ. ಅವರು ಕೊಂಡವರ ಸರಪಳಿಯನ್ನು ಹುಡುಕುತ್ತ ಅಲೆಯಲಾಗದು. ಆದರೆ ಕೊಟ್ಟೂರಿನ ಮಂಡಕ್ಕಿ ಭಟ್ಟಿಯವನು, ಹರಪನಹಳ್ಳಿಯ ಕಿರಾಣಿ ಅಂಗಡಿಯವನು ಈ ತೀರ್ಪನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ನಿಮ್ಮ ಸತ್ತ ಗಾಡಿ ಇನ್ನಾವುದೋ ಊರಿನಲ್ಲಿ ಎದ್ದು ಓಡಾಡಿ, ವಿಮೆ ಇಲ್ಲದೆ ಒಬ್ಬ ಕೂಲಿಯ ಮೇಲೆ ಹರಿದರೆ, ಸಮನ್ಸು ಬರುವುದು ನಿಮ್ಮ ಬಾಗಿಲಿಗೆ.

ಇನ್ನು ಆ ಬೆಸೆದ ಗಾಡಿಗಳಲ್ಲಿ ಹತ್ತುವವರಾದರೂ ಯಾರು? ಸಾಹುಕಾರರಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವನು ನಮ್ಮ ಸಣ್ಣ ವ್ಯಾಪಾರಿ. ಜಿನ್ನಿಂಗ್ ಮಿಲ್ಲಿನ ಪಾಳಿ ಮುಗಿಸಿ ಹಿಂದಿನ ತೊಟ್ಟಿಯಲ್ಲಿ ನಿಂತು ಊರು ಸೇರುವವರು ನಮ್ಮ ಕೆಲಸಗಾರರು.

ಕಾನೂನು ಇಲ್ಲವೇ? ಇದೆ. 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮು, ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ ಮಾಲೀಕನು 14 ದಿನದೊಳಗೆ, ಇಲ್ಲವೇ ಸಾಧ್ಯವಾದಷ್ಟು ಬೇಗ, ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿಯನ್ನು ಕಳಿಸಬೇಕೆನ್ನುತ್ತದೆ. ಯಾರ ಮೇಲೆ ಹೊರೆ ಹಾಕಿದೆ ಗಮನಿಸಿ: ಮಾಲೀಕನ ಮೇಲೆ! ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವನ ಮೇಲೆ! ಗಾಡಿ ಸತ್ತಿತೆಂದು ತೀರ್ಮಾನಿಸಿದ ಕಂಪನಿಯ ಮೇಲೆ ಆ ಕಲಮು ಯಾವ ಹೊರೆಯನ್ನೂ ಹೊರಿಸಿಲ್ಲ.

ಅಮೆರಿಕ ಬಂಡವಾಳಶಾಹಿಯ ತವರು. ಅಲ್ಲಿನ ರಾಜ್ಯಗಳಲ್ಲಿ ಕೂಡ ಟೋಟಲ್ ಲಾಸ್ ಆದ ಕಾರಿನ ಮಾಲೀಕತ್ವದ ಪತ್ರದ ಮೇಲೆ ಸಾಲ್ವೇಜ್ ಎಂದು ಮುದ್ರೆ ಹಾಕುತ್ತಾರೆ. ಮುಂದೆ ಕೊಳ್ಳುವವನಿಗೆ ಅದು ಸತ್ತು ಬದುಕಿದ ಗಾಡಿ ಎಂದು ಗೊತ್ತಾಗಬೇಕು. ಬ್ರಿಟನ್ನಿನಲ್ಲಿ 2017ರಿಂದ ಇಂಥ ಗಾಡಿಗಳನ್ನು ಎ, ಬಿ, ಎಸ್, ಎನ್ ಎಂದು ನಾಲ್ಕು ವರ್ಗ ಮಾಡಿದ್ದಾರೆ. ಮೊದಲೆರಡು ವರ್ಗದವು ಮತ್ತೆ ರಸ್ತೆಗೆ ಇಳಿಯುವಂತೆಯೇ ಇಲ್ಲ. ಅಲ್ಲಿ ಮೋಸವಿಲ್ಲವೆಂದು ನಾನು ಹೇಳುವುದಿಲ್ಲ, ಮುದ್ರೆ ಅಳಿಸುವ ಜಾಣರು ಅಲ್ಲೂ ಇದ್ದಾರೆ. ಆದರೆ ಅಳಿಸಬೇಕಾದರೂ ಮುದ್ರೆ ಇರಬೇಕಷ್ಟೆ? ಕೈಬೆರಳಿನ ಗುರುತಿಲ್ಲದೆ ಪಡಿತರ ಅಕ್ಕಿ ಕೊಡದ ನಮ್ಮ ಸರ್ಕಾರ ಈ ಒಂದು ಮುದ್ರೆ ಹಾಕಿಸಲಾರದೇ?

ಹಿಂದಿನದನ್ನು ಸ್ವಲ್ಪ ನೆನೆಯೋಣ. 1972ರ ಕಾಯಿದೆಯಿಂದ ಸಾಮಾನ್ಯ ವಿಮೆಯನ್ನು ರಾಷ್ಟ್ರೀಕರಣ ಮಾಡಿದರು. 1973ರ ಜನವರಿ 1ರಿಂದ 107 ಕಂಪನಿಗಳು ಸೇರಿ ನಾಲ್ಕಾದವು. ವಿಮೆಯೆಂದರೆ ಸಾವಿರ ಜನ ಹಾಕಿದ ಹಣದಿಂದ ಒಬ್ಬನ ಕಷ್ಟ ಕಳೆಯುವುದು; ಇದು ಸಮಾಜವಾದದ ತತ್ತ್ವವೇ ಹೊರತು ಲಾಭದ ತತ್ತ್ವವಲ್ಲ. 1999ರ ಕಾಯಿದೆಯಿಂದ ಖಾಸಗಿಯವರಿಗೆ ಬಾಗಿಲು ತೆರೆದರು. ವಿದೇಶಿ ಬಂಡವಾಳಕ್ಕೆ ಮೊದಲು ನೂರಕ್ಕೆ 26, 2015ರಲ್ಲಿ 49, 2021ರಲ್ಲಿ 74 ಎಂದು ಬಾಗಿಲನ್ನು ಅಗಲ ಮಾಡುತ್ತ ಹೋದರು. ಸರ್ಕಾರಿ ಕಂಪನಿಗಳಲ್ಲಿ ಸರ್ಕಾರ ಕನಿಷ್ಠ 51 ಭಾಗ ಇಟ್ಟುಕೊಳ್ಳಬೇಕೆಂಬ ಕಟ್ಟನ್ನೂ 2021ರಲ್ಲಿಯೇ ಬಿಚ್ಚಿದರು. ಸರ್ಕಾರಿ ಕಂಪನಿಗಳು ಹರಿಶ್ಚಂದ್ರನ ಸಂತಾನವೇನಲ್ಲ. ಗುಜರಿ ಬೆಲೆ ಮುರಿಯುವ ವಿದ್ಯೆ ಅವರಿಗೂ ಬರುತ್ತದೆ. ಆದರೆ ಅವರನ್ನು ಪಾರ್ಲಿಮೆಂಟಿನಲ್ಲಿ ಕೇಳಬಹುದು. ಖಾಸಗಿಯವರನ್ನು ಕೇಳುವುದು ಷೇರುದಾರರು ಮಾತ್ರ, ಅವರು ಕೇಳುವುದು ಒಂದೇ ಪ್ರಶ್ನೆ.

“ಪಾಲಿಸಿ ಓದಿ ರುಜು ಹಾಕಬೇಕಿತ್ತು” ಎನ್ನುವ ಪಂಡಿತರು ಇದ್ದಾರೆ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ನಮ್ಮ ಸೀಮೆಯ ಗಾದೆ. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ನೋಡಿದವರಿಗೆ ಅದರ ಅರ್ಥ ಗೊತ್ತು. ಪಾಲಿಸಿಯೂ ಹಾಗೆಯೇ, ಹೊರಗೆ ನಗುವ ಸಂಸಾರದ ಚಿತ್ರ, ಒಳಗೆ ಕೆತ್ತನೆ. ಆದರೆ ಆ ಕೆತ್ತನೆ ಇರುವುದು ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರದಲ್ಲಿ. ಪ್ರೀಮಿಯಂ ಕೇಳುವ ಏಜೆಂಟರಿಗೆ ಕನ್ನಡ ಬರುತ್ತದೆ, ಷರತ್ತಿಗೆ ಮಾತ್ರ ಬರುವುದಿಲ್ಲವೇ?

“ಗ್ರಾಹಕರೇ ಮೋಸ ಮಾಡುತ್ತಾರೆ, ಅದಕ್ಕೇ ಬಿಗಿ” ಎನ್ನುವುದು ಇನ್ನೊಂದು ವಾದ. ಮೋಸಗಾರರಿದ್ದಾರೆ, ಹಿಡಿಯಲಿ. ಆದರೆ ನ್ಯಾಯಾಲಯದ ದಾಖಲೆ ಬೇರೆ ಕಥೆಯನ್ನೂ ಹೇಳುತ್ತದೆ. ಗಾಡಿಯ ಬೆಲೆಯನ್ನು ತಾವೇ ಒಪ್ಪಿ, ಅದರ ಮೇಲೆ ಪ್ರೀಮಿಯಂ ತಿಂದು, ಕೊಡುವ ಹೊತ್ತಿಗೆ ಅದೇ ಬೆಲೆಯನ್ನು ಅಲ್ಲಗಳೆಯುವ ಕಂಪನಿಗಳ ದರ್ಪವನ್ನು 2008ರಲ್ಲಿ ಸುಪ್ರೀಂ ಕೋರ್ಟೇ ಖಂಡಿಸಿತು. ಸರ್ವೇಯರ್ ವರದಿ ಕಟ್ಟಕಡೆಯ ಮಾತಲ್ಲ ಎಂದು 2009ರಲ್ಲಿ ಹೇಳಿತು. ಲಗೇಜ್ ಗಾಡಿ ಓಡಿಸುವವನ ಲೈಸೆನ್ಸಿನಲ್ಲಿ ಸಾರಿಗೆ ವಾಹನದ ಪ್ರತ್ಯೇಕ ನಮೂದಿಲ್ಲವೆಂದು ವರ್ಷಗಟ್ಟಲೆ ಕ್ಲೇಮುಗಳನ್ನು ತಳ್ಳಿಹಾಕುತ್ತಿದ್ದರು. 7,500 ಕಿಲೋ ಮೀರದ ಗಾಡಿಗೆ ಲಘು ವಾಹನದ ಲೈಸೆನ್ಸೇ ಸಾಕೆಂದು 2017ರಲ್ಲಿ ತೀರ್ಪಾಯಿತು. ಕಂಪನಿಗಳು ಸುಮ್ಮನಾಗದೆ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಎಳೆದವು. 2024ರ ನವೆಂಬರ್ 6ರಂದು ಅಲ್ಲಿಯೂ ಸೋತವು. ಏಳು ವರ್ಷ! ಅಷ್ಟು ವರ್ಷ ಕಾಯುವ ಶಕ್ತಿ ಕಂಪನಿಗಿದೆ. ತಿಂಗಳ ಕಂತು ಕಟ್ಟುವವನಿಗೆ ಇಲ್ಲ.

ನಮ್ಮವರಿಗೂ ಒಂದು ಕಟುವಾದ ಮಾತನ್ನು ಹೇಳಬೇಕಾಗಿದೆ. ಆರ್‌ಸಿ ಸಮೇತ ಮಾರಿ 50 ಸಾವಿರ ಹೆಚ್ಚು ತಂದೆ ಎಂದು ಚಹಾದಂಗಡಿಯಲ್ಲಿ ಜಂಬ ಕೊಚ್ಚುವವರನ್ನು ನಾನು ಕಂಡಿದ್ದೇನೆ. ಅವರ ಕಷ್ಟ ನನಗೆ ತಿಳಿಯದ್ದಲ್ಲ. ಕಂಪನಿ ಮುರಿದುಕೊಂಡದ್ದನ್ನು ಬೇರೆ ದಾರಿಯಲ್ಲಿ ತುಂಬಿಕೊಂಡೆವು ಎನ್ನುತ್ತಾರೆ. ಆದರೆ ಆ ಕಾಗದ ಹಾಕಿಕೊಂಡು ಓಡುವ ಗಾಡಿ ಇನ್ನೊಬ್ಬ ಬಡ ವ್ಯಾಪಾರಿಯ ಮನೆ ಮುಂದಿನಿಂದ ಕದ್ದದ್ದು. ಕಂಪನಿಯ ಅನ್ಯಾಯಕ್ಕೆ ದಂಡ ಕಟ್ಟಿದವನು ಅವನು.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಟೋಟಲ್ ಲಾಸ್ ಎಂದು ತೀರ್ಮಾನವಾದ ಕೂಡಲೇ ಆರ್‌ಟಿಓಗೆ ತಿಳಿಸುವ ಹೊಣೆಯನ್ನು ಕಾಯಿದೆಯೇ ಕಂಪನಿಯ ಮೇಲೆ ಹೊರಿಸಲಿ. ಮುರುಕು ಗಾಡಿಯ ಬೆಲೆಯನ್ನು ಆರ್‌ಸಿ ಇಲ್ಲದ ದರದಲ್ಲಿ ಮಾತ್ರ ಮುರಿಯಲಿ; ಆ ದರಕ್ಕೆ ಕೊಳ್ಳುವವರಿಲ್ಲವಾದರೆ ಕಂಪನಿಯೇ ಗಾಡಿಯನ್ನು ಎತ್ತಿಕೊಂಡು ಪೂರ್ತಿ ಹಣ ಕೊಡಲಿ. ರಿಪೇರಿಗೆ ಯೋಗ್ಯವಾದದ್ದು ಮತ್ತೆ ರಸ್ತೆಗೆ ಇಳಿಯುವುದಾದರೆ ತಪಾಸಣೆಯಾಗಿ ಆರ್‌ಸಿಯ ಮೇಲೆ ಮುದ್ರೆ ಬೀಳಲಿ. ಯೋಗ್ಯವಲ್ಲದ್ದು 2021ರ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಲಿ. ಪಾಲಿಸಿಯ ಷರತ್ತು ಕನ್ನಡದಲ್ಲಿ ಅಚ್ಚಾಗಲಿ.

ಅದೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಗ್ಯಾರೇಜಿನ ಎಸ್ಟಿಮೇಟ್ 75ರ ಗೆರೆ ದಾಟಿದ್ದರೆ ಟೋಟಲ್ ಲಾಸ್ ಎಂದು ಬರವಣಿಗೆಯಲ್ಲಿಯೇ ಕೇಳಿ. ಸರ್ವೇಯರ್ ವರದಿಯ ಪ್ರತಿ ಕೇಳಿ. ಗುಜರಿಯ ಬೆಲೆ ಯಾರು ಕೊಟ್ಟರು, ಆರ್‌ಸಿ ಸಮೇತವೋ ಬಿಟ್ಟೋ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ‘ಪೂರ್ಣ ಪರಿಹಾರ ಸಂದಿದೆ’ ಎಂಬ ವೋಚರಿಗೆ ಅವಸರದಲ್ಲಿ ರುಜು ಬೇಡ. ಒತ್ತಾಯದಿಂದ ಪಡೆದ ರುಜುವನ್ನು ನ್ಯಾಯಾಲಯ ಒಪ್ಪಲಾರದು, ಆದರೆ ಒತ್ತಾಯವಿತ್ತೆಂದು ತೋರಿಸುವ ಭಾರ ನಮ್ಮ ಮೇಲೆಯೇ ಬೀಳುತ್ತದೆ. ಫೈನಾನ್ಸ್ ತೀರಿದರೆ ಫಾರಂ 35 ಪಡೆಯಿರಿ. ಕಂಪನಿಗೆ ದೂರು ಬರೆದು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ರಿಗೆ ಖರ್ಚಿಲ್ಲದೆ ಬರೆಯಬಹುದು, ವಕೀಲರು ಬೇಕಿಲ್ಲ. ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. 2019ರ ಕಾಯಿದೆಯಂತೆ ದೂರುದಾರ ವಾಸಿಸುವ ಕಡೆಯಲ್ಲಿಯೇ ದೂರು ಹಾಕಬಹುದಾದ್ದರಿಂದ ಉಜ್ಜಿನಿಯವನು ಮುಂಬಯಿಗೆ ಓಡಬೇಕಾಗಿಲ್ಲ. ಕೊಟ್ಟ ಪ್ರೀಮಿಯಂ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ನಮ್ಮಲ್ಲಿ ಯಾರ ಪ್ರೀಮಿಯಂ ತಾನೇ ಅಷ್ಟಿದೆ?

ಮೊದಲು ಹೇಳಿದ ವ್ಯಾಪಾರಿ ಆರ್‌ಸಿಯನ್ನು ಮಾರಲಿಲ್ಲ. 55ನೆಯ ಕಲಮಿನ ಪ್ರಕಾರ ಅರ್ಜಿ ಬರೆದು ಹೊಸಪೇಟೆಗೆ ಒಪ್ಪಿಸಿ, ಮುದ್ರೆ ಒತ್ತಿದ ಸ್ವೀಕೃತಿ ತಂದಿದ್ದಾರೆ. ಕಡಿಮೆ ಬಂದ ಹಣಕ್ಕಾಗಿ ದೂರು ಬರೆದಿದ್ದೇವೆ, ಇನ್ನೂ ತೀರ್ಮಾನವಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಇಂಥ ಪ್ರಕರಣವಿರುವವರು ಪಾಲಿಸಿ, ಎಸ್ಟಿಮೇಟ್, ಸರ್ವೇಯರ್ ವರದಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಪಕ್ಷದ ಕಚೇರಿಗೆ ಬನ್ನಿ. ಖಾಲಿ ಫಾರಂ 29, 30ಕ್ಕೆ ಈಗಾಗಲೇ ರುಜು ಹಾಕಿ ಕೊಟ್ಟವರು ಎಲ್ಲರಿಗಿಂತ ಮುಂಚೆ ಬನ್ನಿ. ಗಾಡಿ ಯಾರ ಹೆಸರಿನಲ್ಲಿದೆ ಎಂಬುದನ್ನು ಆರ್‌ಟಿಓ ದಫ್ತರದಲ್ಲಿ ಅಂದೇ ನೋಡಿಸಬೇಕಾಗಿದೆ.